ಕಂಪನಿ ಕೊಡುವ ಓಟು

ಎಲೆಕ್ಷನ್ನಿನ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿಗೆ ಹೋಗಿ ನೋಡಿ. "ಓಟು ಹಾಕಿ ಬರ್ತೀನಿ" ಅಂತ ಬ್ಯಾಗು ಹೆಗಲಿಗೇರಿಸಿ ಊರಿನ ಬಸ್ಸು ಹತ್ತುವವರ ಗುಂಪೇ ಇರುತ್ತೆ. ವರ್ಷವಿಡೀ ಬೆಂಗಳೂರಿನ ಗುಂಡಿ, ಚರಂಡಿ, ಟ್ರಾಫಿಕ್ಕು ಅನುಭವಿಸೋರು ಇವರು. ಹೆಸರು ಮಾತ್ರ ಇನ್ನೂ ಊರಿನ ಪಟ್ಟಿಯಲ್ಲೇ. ಹಾಗಾದರೆ ಒಂದು ನಗರದ ಆಡಳಿತ ಯಾರ ಕೈಗೆ ಹೋಗಬೇಕು ಅಂತ ಹೇಳುವ ಹಕ್ಕು ಯಾರದು? ಅಲ್ಲಿ ರಾತ್ರಿ ಮಲಗೋರದಾ, ಹಗಲು ದುಡಿಯೋರದಾ, ತೆರಿಗೆ ಕಟ್ಟೋರದಾ?

ಬ್ರಿಟನ್ನಿನವರು ಬಹಳ ಕಾಲ "ತೆರಿಗೆ ಕಟ್ಟೋರದು" ಅಂದುಕೊಂಡೇ ಬಂದರು. ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ ಇದ್ದವನಿಗೆ ಎರಡೂ ಕಡೆ ಓಟು. ಪಾರ್ಲಿಮೆಂಟ್ ಚುನಾವಣೆಯಲ್ಲಿ ಈ ಪದ್ಧತಿ 1948ರ ಕಾನೂನಿನಿಂದ ಹೋಯಿತು. ಸ್ಥಳೀಯ ಚುನಾವಣೆಯಲ್ಲಿ 1969ರವರೆಗೂ ಉಳಿಯಿತು.

ಉತ್ತರ ಐರ್ಲೆಂಡಿನಲ್ಲಿ ಇದು ಬೆಂಕಿಯನ್ನೇ ಹಚ್ಚಿತು. ಅಲ್ಲಿ ಸ್ಥಳೀಯ ಸಂಸ್ಥೆಗೆ ಓಟು ಇದ್ದದ್ದು ಮನೆಯ ತೆರಿಗೆ ಕಟ್ಟುವ ಯಜಮಾನ ಮತ್ತು ಅವನ ಹೆಂಡತಿಗೆ. ಅಪ್ಪ ಅಮ್ಮನ ಜೊತೆಗಿರುವ ದೊಡ್ಡ ಮಕ್ಕಳಿಗೆ, ಒಂದು ಕೋಣೆ ಹಿಡಿದು ಬದುಕುವವರಿಗೆ ಇಲ್ಲ. ಆದರೆ ಒಂದು ಕಂಪನಿಗೆ ಆರು ಓಟಿನವರೆಗೂ ಸಿಗಬಹುದಿತ್ತು! ಬಡವರು, ಮನೆಯಿಲ್ಲದವರು ಕ್ಯಾಥಲಿಕ್ಕರಲ್ಲೇ ಹೆಚ್ಚು. ಆಸ್ತಿ, ವ್ಯಾಪಾರ ಹೆಚ್ಚಾಗಿ ಪ್ರಾಟೆಸ್ಟೆಂಟರ ಕೈಯಲ್ಲಿ. ಡೆರ್ರಿ ನಗರದಲ್ಲಿ ಕ್ಯಾಥಲಿಕ್ಕರೇ ಬಹುಸಂಖ್ಯಾತರು, ಆದರೂ ವಾರ್ಡುಗಳ ಗೆರೆ ಎಳೆದ ಚಾಲಾಕಿತನ ಸೇರಿಕೊಂಡು ನಗರಸಭೆಯಲ್ಲಿ ಯೂನಿಯನಿಸ್ಟರು 12, ಎದುರಾಳಿಗಳು 8. "ಒಬ್ಬನಿಗೆ ಒಂದೇ ಓಟು" ಅಂತ ಬೀದಿಗಿಳಿದವರ ಮೇಲೆ 1968ರ ಅಕ್ಟೋಬರ್ 5ರಂದು ಅದೇ ಡೆರ್ರಿಯಲ್ಲಿ ಪೊಲೀಸರು ಲಾಠಿ ಬೀಸಿದರು. ಮುಂದಿನ ತಿಂಗಳು ಪ್ರಧಾನಿ ಟೆರೆನ್ಸ್ ಓನೀಲ್ ಕಂಪನಿ ಓಟನ್ನು ತೆಗೆಯುವುದಾಗಿ ಒಪ್ಪಿದರು. ಎಲ್ಲಾ ವಯಸ್ಕರಿಗೂ ಓಟು ಅನ್ನೋದನ್ನು ಒಪ್ಪಿಕೊಳ್ಳೋ ಹೊತ್ತಿಗೆ, 1969ರ ಏಪ್ರಿಲ್ನಲ್ಲಿ, ಅವರ ಕುರ್ಚಿಯೇ ಹೋಯಿತು. ಓಟು ಬಂತು, ಶಾಂತಿ ಬರಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

ಬ್ರಿಟನ್ನಿನಲ್ಲಿ ಎಲ್ಲಾ ಕಡೆ ಹೋದ ಈ ಪದ್ಧತಿ ಅಲ್ಲಿನ ಒಂದು ಜಾಗದಲ್ಲಿ ಮಾತ್ರ ಉಳಿದಿದೆ. ಅದು ಲಂಡನ್ನಿನ ಹೊಟ್ಟೆಯೊಳಗಿರುವ ಪುಟ್ಟ "ಸಿಟಿ ಆಫ್ ಲಂಡನ್". ಒಂದು ಚದರ ಮೈಲಿಗಿಂತ ಚೂರು ಜಾಸ್ತಿ ಜಾಗ, 25 ವಾರ್ಡು. 2021ರ ಜನಗಣತಿ ಪ್ರಕಾರ ವಾಸ ಇರೋರು ಸುಮಾರು 8,600. ಬೆಳಿಗ್ಗೆ ರೈಲು ಇಳಿದು ಬ್ಯಾಂಕು, ಇನ್ಶೂರೆನ್ಸ್ ಆಫೀಸುಗಳಿಗೆ ಹೋಗೋರು ಐದು ಲಕ್ಷಕ್ಕೂ ಹೆಚ್ಚು. 1835ರಲ್ಲಿ ಇಂಗ್ಲೆಂಡಿನ ಹಳೇ ನಗರಸಭೆಗಳನ್ನೆಲ್ಲ ತಿದ್ದಿದ ಕಾನೂನೂ ಇದನ್ನು ಮುಟ್ಟಲಿಲ್ಲ. 1969ರದ್ದೂ ಅಷ್ಟೇ.

ಆದರೆ ಅಲ್ಲಿ ಓಟಿದ್ದದ್ದು ಸ್ವಂತ ವ್ಯಾಪಾರದವರಿಗೆ, ಪಾಲುದಾರರಿಗೆ. ಪಾಲುದಾರಿಕೆಗಳು ಒಂದೊಂದಾಗಿ ಕಂಪನಿಗಳಾದ ಹಾಗೆ ಮತದಾರರೂ ಕರಗತೊಡಗಿದರು. ಅದಕ್ಕೇ ಕಾರ್ಪೊರೇಷನ್ನೇ ಮಸೂದೆ ತಂದು, ವರ್ಷಗಟ್ಟಲೆ ಎಳೆದಾಡಿ, 2002ರಲ್ಲಿ ಹೊಸ ಕಾನೂನು ಪಾಸು ಮಾಡಿಸಿತು. ಲೆಕ್ಕ ಹೀಗಿದೆ: ಒಂಬತ್ತು ಜನರವರೆಗಿನ ಸಂಸ್ಥೆಗೆ ಒಂದು ಓಟು. ಐವತ್ತರವರೆಗೆ ಐದು ಜನಕ್ಕೊಂದು. ಅದರ ಮೇಲೆ ಪ್ರತಿ ಐವತ್ತಕ್ಕೆ ಒಂದು. ಅಂದರೆ 50 ಜನರ ಆಫೀಸಿಗೆ 10 ಓಟು, 550 ಜನರದ್ದಕ್ಕೆ 20. ಕಾಮನ್ವೆಲ್ತ್ ದೇಶದವರಿಗೂ ಅರ್ಹತೆ ಉಂಟು. ಹಾಗಾಗಿ ದಾವಣಗೆರೆಯಿಂದ ಹೋಗಿ ಅಲ್ಲಿನ ಬ್ಯಾಂಕಿನಲ್ಲಿ ಕೂತ ನಮ್ಮ ಹುಡುಗಿಗೂ ಓಟು ಸಿಗಬಹುದು.

ಆದರೆ ಸಿಗೋದು ಅವಳ ಮಾಲೀಕರು ಅವಳ ಹೆಸರು ಕಳಿಸಿದರೆ ಮಾತ್ರ. ತೊಡಕಿರೋದು ಇಲ್ಲೇ. ಸಾಧ್ಯವಾದಷ್ಟೂ ಎಲ್ಲಾ ಬಗೆಯ ಕೆಲಸಗಾರರ ಪ್ರತಿಬಿಂಬದಂತೆ ಆರಿಸಿ ಅಂತ ಕಾನೂನು ಹೇಳುತ್ತೆ. ಮತ ಗುಟ್ಟಾಗಿಯೇ ಬೀಳುತ್ತೆ. ಆದರೂ ಆರಿಸೋ ಕೈ ಸಂಬಳ ಕೊಡೋ ಕೈಯೇ ತಾನೆ?

ನಗಬೇಡಿ, ಕೆಲಸಕ್ಕೆ ಅಂಟಿದ ಓಟು ನಮ್ಮಲ್ಲೂ ಇದೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದವು. ಹೈಸ್ಕೂಲು ಮತ್ತು ಅದಕ್ಕಿಂತ ಮೇಲೆ ಪಾಠ ಮಾಡುವವರು, ಕಳೆದ ಆರು ವರ್ಷದಲ್ಲಿ ಮೂರು ವರ್ಷ ಮಾಡಿದ್ದರೆ, ಮತದಾರರು. ಇಲ್ಲಿ ಹೆಡ್‌ಮಾಸ್ತರು ಯಾರನ್ನೂ ಆರಿಸಿ ಕಳಿಸೋದಿಲ್ಲ, ಅರ್ಹರಾದ ಮೇಷ್ಟ್ರು ತಾವೇ ಅರ್ಜಿ ಹಾಕಿಕೊಳ್ಳಬಹುದು. ಅಷ್ಟರಮಟ್ಟಿಗೆ ಲಂಡನ್ನಿಗಿಂತ ವಾಸಿ. ಆದರೆ ಒಂದನೇ ಕ್ಲಾಸಿಗೆ ಅಕ್ಷರ ತಿದ್ದಿಸುವ ಟೀಚರಮ್ಮನಿಗೆ ಈ ಓಟಿಲ್ಲ.

ದುಡಿಯುವ ಜಾಗದಲ್ಲೂ ಒಂದು ಮಾತು ಇರಬೇಕು ಅನ್ನೋದು ತಪ್ಪಲ್ಲ. ಆದರೆ ಡೆರ್ರಿ ಕಲಿಸಿದ ಪಾಠ ಬೇರೆ: ಎರಡನೇ ಓಟು ಹಂಚಲು ಶುರುಮಾಡಿದರೆ ಅದು ಮೊದಲು ಹೋಗೋದು ಆಗಲೇ ಬಲ ಇದ್ದವರ ಹತ್ತಿರಕ್ಕೆ. ಬೆಳಗಿನ ಜಾವ ಬೇರೆ ಬಡಾವಣೆಯಿಂದ ಬಂದು ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಈ ವಾರ್ಡು ನಮಗಿಂತ ಚೆನ್ನಾಗಿ ಗೊತ್ತು. ಕೆಲಸದ ಜಾಗದಲ್ಲಿ ಓಟು ಕೊಡಿ ಅನ್ನೋರು ಯಾರಾದರೂ ಅವರ ಹೆಸರು ಹೇಳಿದ್ದು ನಾನಂತೂ ಕೇಳಿಲ್ಲ.