ರಕ್ತದ ಕ್ಯಾನ್ಸರ್‌ಗೆ ಕಾಂಡಕೋಶ ಕಸಿ: ಅರ್ಜಿದಾರರ ಗಮನಕ್ಕೆ

ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳಿಂದ ರಕ್ತದ ಕ್ಯಾನ್ಸರ್ ಚಿಕಿತ್ಸೆಯ ನೆರವು ಕೋರುವ ಸಾರ್ವಜನಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಔಷಧಿಯೊಂದರಿಂದಲೇ ರೋಗ ವಾಸಿಯಾಗದ ಸಂದರ್ಭಗಳಲ್ಲಿ ಆರೋಗ್ಯವಂತ ದಾನಿಯ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ರೋಗಿಗೆ ಕಸಿ ಮಾಡಲಾಗುತ್ತದೆ. ಭಾರತದಲ್ಲಿ ಈ ಚಿಕಿತ್ಸೆಯು 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾಯಿತು. ಕಾಂಡಕೋಶಗಳೊಡನೆ ದಾನಿಯ ರೋಗನಿರೋಧಕ ಕೋಶಗಳೂ ರೋಗಿಯ ದೇಹವನ್ನು ಸೇರುತ್ತವೆ. ಅವು ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ನಾಶಪಡಿಸುತ್ತವೆ. ಆದರೆ ರೋಗಿಯ ಚರ್ಮ, ಕರುಳು, ಯಕೃತ್ತುಗಳನ್ನು ಪರಕೀಯವೆಂದು ಬಗೆದು ಅವುಗಳ ಮೇಲೂ ದಾಳಿ ಮಾಡಬಹುದು. ಆದ್ದರಿಂದಲೇ ಎಚ್‌ಎಲ್‌ಎ ಹೊಂದಾಣಿಕೆಯುಳ್ಳ ದಾನಿಯನ್ನು ಹುಡುಕಲಾಗುತ್ತದೆ. ಒಡಹುಟ್ಟಿದವರೊಬ್ಬರಲ್ಲಿ ಪೂರ್ಣ ಹೊಂದಾಣಿಕೆಯ ಸಂಭವ ನಾಲ್ಕರಲ್ಲಿ ಒಂದು ಮಾತ್ರ.

ಹೊಂದಾಣಿಕೆ ಇಲ್ಲವೆಂಬ ಒಂದೇ ಕಾರಣಕ್ಕೆ ಚಿಕಿತ್ಸೆಯನ್ನು ಕೈಬಿಡಬೇಕಾಗಿಲ್ಲ. ಕಸಿಯ ನಂತರದ 3 ಮತ್ತು 4ನೆಯ ದಿನ ಸೈಕ್ಲೋಫಾಸ್ಫಮೈಡ್ ಎಂಬ ಹಳೆಯ ಔಷಧಿಯನ್ನೇ ನೀಡುವ ಕ್ರಮವನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಸಂಶೋಧಕರು ರೂಪಿಸಿದರು. ದಾಳಿಗೆ ಸಜ್ಜಾಗಿ ವೇಗವಾಗಿ ವೃದ್ಧಿಸುತ್ತಿರುವ ಕೋಶಗಳು ಇದರಿಂದ ನಾಶವಾಗುತ್ತವೆ. ಕಾಂಡಕೋಶಗಳು ತಮ್ಮಲ್ಲಿರುವ ಒಂದು ಕಿಣ್ವದ ಬಲದಿಂದ ಉಳಿಯುತ್ತವೆ. ಹೀಗಾಗಿ ಅರ್ಧ ಹೊಂದಾಣಿಕೆಯ ತಂದೆ, ತಾಯಿ ಅಥವಾ ಮಕ್ಕಳೂ ದಾನಿಗಳಾಗಬಹುದಾಗಿದೆ. ಹೊಂದಾಣಿಕೆಯ ದಾನಿಯಿದ್ದವರಿಗೂ ಇದು ಉಪಯುಕ್ತ. ಅಂತಹ 431 ರೋಗಿಗಳ ಕುರಿತು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ವರ್ಷದ ನಂತರ ತೀವ್ರ ದಾಳಿಯಾಗಲಿ ರೋಗದ ಮರುಕಳಿಕೆಯಾಗಲಿ ಇಲ್ಲದೆ ಬದುಕಿದ್ದವರು ಈ ಕ್ರಮದಲ್ಲಿ ಶೇ. 52.7, ಹಿಂದಿನ ಕ್ರಮದಲ್ಲಿ ಶೇ. 34.9. ಅಪಾಯವು ತಗ್ಗಿದೆಯೇ ಹೊರತು ನಿವಾರಣೆಯಾಗಿಲ್ಲ.

ಸೋದರಮಾವ, ಸೋದರತ್ತೆಯ ಸಂಬಂಧದಲ್ಲಿ ವಿವಾಹಗಳಾಗಿರುವ ಕುಟುಂಬಗಳಲ್ಲಿ ಹತ್ತಿರದ ಬಂಧುಗಳಲ್ಲಿಯೂ ಪೂರ್ಣ ಹೊಂದಾಣಿಕೆ ದೊರೆಯುವುದುಂಟು. ಈ ಸಂಬಂಧಗಳನ್ನು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸತಕ್ಕದ್ದು.

ರೋಗಿಗೆ ರಕ್ತ ಬೇಕೆಂದಾಗ ಒಡಹುಟ್ಟಿದವರೇ ಮೊದಲು ತೋಳು ಚಾಚುವುದು ನಮ್ಮ ಕಡೆಯ ವಾಡಿಕೆ. ಭಾವನೆ ಒಳ್ಳೆಯದೇ. ಆದರೆ ಕಸಿಯ ಸಾಧ್ಯತೆಯಿದ್ದಲ್ಲಿ ರಕ್ತಸಂಬಂಧಿಗಳ ರಕ್ತವನ್ನು ರೋಗಿಗೆ ಹಾಕಿಸಬಾರದು. ಹಾಗೆ ಮಾಡಿದಲ್ಲಿ, ಮುಂದೆ ಅದೇ ಬಂಧುವಿನ ಕಾಂಡಕೋಶಗಳನ್ನು ರೋಗಿಯ ದೇಹವು ತಿರಸ್ಕರಿಸುವ ಸಂಭವವಿರುತ್ತದೆ. ಈ ವಿಷಯವನ್ನು ರಕ್ತನಿಧಿಯ ಗಮನಕ್ಕೂ ತರತಕ್ಕದ್ದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಆದ್ಯತಾ ಪಡಿತರ ಚೀಟಿದಾರರ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗೆ ನೆರವು ಲಭ್ಯವಿದ್ದು, ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ ಅಥವಾ ರಾಯಚೂರಿನ ರಿಮ್ಸ್‌ನಲ್ಲಿ ಶಿಫಾರಸು ಪತ್ರದ ಬಗ್ಗೆ ವಿಚಾರಿಸುವುದು. ಕಸಿಯ ವೆಚ್ಚವು ಈ ಮಿತಿಯನ್ನು ಮೀರಬಹುದಾದ್ದರಿಂದ, ಆಸ್ಪತ್ರೆಯಿಂದ ಅಂದಾಜು ವೆಚ್ಚ ಪಟ್ಟಿಯನ್ನು ಪಡೆದು ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಅರ್ಜಿ ಸಲ್ಲಿಸಬಹುದು. ಪಟ್ಟಿಯಲ್ಲಿ ದಾನಿಯ ಪರೀಕ್ಷಾ ವೆಚ್ಚವು ಸೇರಿದೆಯೇ ಎಂಬುದನ್ನು ಮೊದಲೇ ಕೇಳಿ ಖಚಿತಪಡಿಸಿಕೊಳ್ಳುವುದು.