ಚದುರಂಗದಲ್ಲಿ ಪಣ ಯಾರದು?

2023ರ ನವೆಂಬರ್ 5ರಂದು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಫಿಡೆ ಗ್ರ್ಯಾಂಡ್ ಸ್ವಿಸ್ ಟೂರ್ನಿ ಮುಗಿಯಿತು. ಪಟ್ಟಿಯ ಮೇಲ್ತುದಿಯಲ್ಲಿದ್ದ ಹೆಸರು ನಾಸಿಕ್‌ನ ವಿದಿತ್ ಗುಜರಾತಿಯವರದು. ಮೊದಲ ಸುತ್ತಿನಲ್ಲೇ ಸೋತಿದ್ದ ಅವರು ಅಲ್ಲಿಂದ ಚೇತರಿಸಿಕೊಂಡು, 11 ಸುತ್ತುಗಳಲ್ಲಿ 8.5 ಅಂಕ ಗಳಿಸಿ ಟೂರ್ನಿ ಗೆದ್ದರು. ಬಹುಮಾನ 80,000 ಡಾಲರ್. ಆಗಿನ ದರದಲ್ಲಿ ಸುಮಾರು 66 ಲಕ್ಷ ರೂಪಾಯಿ. ಜೊತೆಗೆ, ವಿಶ್ವ ಚಾಂಪಿಯನ್ನನ ಸವಾಲುಗಾರ ಯಾರೆಂದು ತೀರ್ಮಾನಿಸುವ ಕ್ಯಾಂಡಿಡೇಟ್ಸ್ ಟೂರ್ನಿಗೆ ಪ್ರವೇಶವೂ ಸಿಕ್ಕಿತು.

ಈ ಮೊತ್ತವನ್ನು ಓದಿದವರಿಗೆ ಚದುರಂಗವೂ ಈಗ ಹೊಟ್ಟೆ ತುಂಬಿಸುವ ಉದ್ಯೋಗವಾಗಿದೆ ಅನಿಸುವುದು ಸಹಜ. ಆದರೆ ಆ ದಿನ ವಿದಿತ್‌ಗೆ 29 ವರ್ಷ. 2008ರಲ್ಲಿ ವಿಯೆಟ್ನಾಮಿನಲ್ಲಿ 14 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆಗಿ 15 ವರ್ಷ, 2013ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆಗಿ 10 ವರ್ಷ ಕಳೆದಿತ್ತು. ಇಂಥ ಬಹುಮಾನ ಕೈಗೆ ಬರುವ ತನಕದ ವರ್ಷಗಳ ಖರ್ಚನ್ನು ಯಾರು ಹೊರುತ್ತಾರೆ? ಚದುರಂಗದಿಂದ ಬದುಕುವ ಮಾತು ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಇದು. ಹೊಸ ಪ್ರಶ್ನೆಯೇನಲ್ಲ. ವಿದಿತ್ ಬೆಳೆದ ನೆಲದಲ್ಲೇ, ಅದು ಕನ್ನಡ ಅರಸರ ಕೈಯಲ್ಲಿದ್ದ ಕಾಲದಿಂದಲೂ, ಇದಕ್ಕೆ ಬೇರೆ ಬೇರೆ ಉತ್ತರಗಳು ಸಿಗುತ್ತ ಬಂದಿವೆ.

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ ಎರಡೂ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜ್ಯದಲ್ಲಿದ್ದವು. ರಾಷ್ಟ್ರಕೂಟರ ಶಾಸನಗಳಲ್ಲಿ ಬರುವ ಮಯೂರಖಂಡಿಯನ್ನು ನಾಸಿಕ್ ಜಿಲ್ಲೆಯ ಬೆಟ್ಟದ ಕೋಟೆಯೊಂದರ ಜೊತೆ ವಿದ್ವಾಂಸರು ಗುರುತಿಸುತ್ತಾರೆ. ಮೊನ್ನೆಮೊನ್ನೆಯವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರದಲ್ಲಿ, ಒಂದನೇ ಕೃಷ್ಣನ ಕಾಲದ ಕೈಲಾಸ ದೇವಾಲಯವಿದೆ. ಅಲ್ಲಿನ ಗುಹೆಗಳ ಗೋಡೆಗಳಲ್ಲಿ ಶಿವ ಪಾರ್ವತಿಯರು ಆಡುತ್ತ ಕೂತ ಶಿಲ್ಪ ಮತ್ತೆ ಮತ್ತೆ ಕಾಣುತ್ತದೆ. ಅದು ಚದುರಂಗವಲ್ಲ, ಪಗಡೆ. ಆದರೂ ಪಣ ಒಡ್ಡಿ ಆಡುವ ಆಟಕ್ಕೆ ದೇವರ ಮನೆಯಲ್ಲೂ ಜಾಗವಿತ್ತು ಎಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಚದುರಂಗದ ಪಣದ ಬಗ್ಗೆ ಬರೆದಿಟ್ಟವನು ಅರಬ್ ಇತಿಹಾಸಕಾರ ಅಲ್ ಮಸೂದಿ. ಅರಬರು ರಾಷ್ಟ್ರಕೂಟ ದೊರೆಯನ್ನು ಬಲ್ಹರಾ, ಅಂದರೆ ವಲ್ಲಭರಾಜ, ಎಂದು ಕರೆಯುತ್ತಿದ್ದರು. 10ನೇ ಶತಮಾನದ ಮೊದಲ ಭಾಗದಲ್ಲಿ ಮಸೂದಿ ಆ ರಾಜ್ಯದ ಕೊಂಕಣ ಕರಾವಳಿಗೆ ಬಂದಿದ್ದ. ಭಾರತದಲ್ಲಿ ಆನೆಯ ದಂತ ಹೆಚ್ಚಾಗಿ ಬಳಕೆಯಾಗುವುದು ಚದುರಂಗ ಮತ್ತು ಪಗಡೆಯ ಕಾಯಿಗಳಿಗೆ ಎಂದು ಅವನು ಬರೆಯುತ್ತಾನೆ. ಬಟ್ಟೆ, ಒಡವೆ ಎಲ್ಲ ಸೋತ ಆಟಗಾರ ಕೊನೆಗೆ ತನ್ನ ಬೆರಳನ್ನೇ ಪಣಕ್ಕಿಡುತ್ತಾನಂತೆ. ಸೋತರೆ ಬೆರಳು ಕತ್ತರಿಸಿಕೊಂಡು, ಪಕ್ಕದಲ್ಲೇ ಕುದಿಯುತ್ತಿರುವ ಮುಲಾಮಿಗೆ ಕೈ ಅದ್ದಿ, ಮತ್ತೆ ಆಟಕ್ಕೆ ಕೂರುತ್ತಾನಂತೆ. ಇದರಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಲಿ. ಆಡುವವನೇ ಪಣ ಒಡ್ಡಿದರೆ ಕೊನೆಗೆ ಏನು ಉಳಿಯುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಆಟಗಾರನ ಬೆರಳು ಉಳಿಯಬೇಕಾದರೆ ಪಣ ಇನ್ನೊಬ್ಬರದಾಗಬೇಕು. ಬಹುಕಾಲ ಆ ಇನ್ನೊಬ್ಬ ಅರಸನೇ ಆಗಿದ್ದ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚದುರಂಗದ ವಿವರವಿದೆ. ಕಲ್ಯಾಣವೆಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಚದುರಂಗ ಬರುವುದು ದೊರೆಯ ವಿನೋದಗಳ ಸಾಲಿನಲ್ಲಿ. ಆಟ ಬಲ್ಲವನು ಆಸ್ಥಾನದಲ್ಲಿ ಇರಬಹುದು. ಅವನ ಅನ್ನ ಬರುವುದು ಮಾತ್ರ ಅರಸನ ಮೆಚ್ಚುಗೆಯಿಂದ. ಏಳು ಶತಮಾನಗಳ ನಂತರ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯಲ್ಲಿ ಚದುರಂಗದ ಎಲ್ಲ ಮನೆಗಳನ್ನೂ ಸುತ್ತುವ ಬಂಧಗಳನ್ನು ರಚಿಸುತ್ತಿದ್ದಾಗಲೂ ಆಟ ಅರಮನೆಯ ವಿನೋದವೇ ಆಗಿತ್ತು.

ಬದಲಾವಣೆಯ ಮೊದಲ ಗುರುತು ಒಂದು ಪುಸ್ತಕ. 1814ರಲ್ಲಿ ತ್ರಿವೇಂಗಡಾಚಾರ್ಯ ಶಾಸ್ತ್ರಿ ಎಂಬ ವಿದ್ವಾಂಸರ ಚದುರಂಗ ಸಮಸ್ಯೆಗಳ ಸಂಗ್ರಹ ಬೊಂಬಾಯಿಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದಕ್ಕೆ ಆಧಾರ ಸಂಸ್ಕೃತದಲ್ಲಿದ್ದ ಗ್ರಂಥ. ಸಮಸ್ಯೆಗಳನ್ನು ಯುರೋಪಿನ ನಿಯಮಗಳಿಗೆ ಹೊಂದಿಸಲಾಗಿತ್ತು. ಮರಾಠಿಯಲ್ಲಿ ಚದುರಂಗಕ್ಕೆ ‘ಬುದ್ಧಿಬಳ’ ಎನ್ನುತ್ತಾರೆ. ಆ ಬುದ್ಧಿಬಲಕ್ಕೆ ಅರಮನೆಯ ಆಚೆ ಓದುಗರು ಸಿಗುವ ಸೂಚನೆ ಆ ಪುಸ್ತಕದಲ್ಲಿತ್ತು.

ಆದರೂ ಆಶ್ರಯದಾತನ ಕಾಲ ಮುಗಿದಿರಲಿಲ್ಲ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕಥೆ ಅದಕ್ಕೆ ಉದಾಹರಣೆ. ಉಮರ್ ಹಯಾತ್ ಖಾನ್ ಎಂಬ ದೊಡ್ಡ ಜಮೀನುದಾರರ ಆಶ್ರಯದಲ್ಲಿದ್ದ ಅವರು 1929ರಲ್ಲಿ ಧಣಿಯ ಜೊತೆ ಲಂಡನ್ನಿಗೆ ಹೋದರು. ಭಾರತೀಯ ನಿಯಮಗಳಲ್ಲಿ ಆಡಿ ಬೆಳೆದಿದ್ದ ಅವರು ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಬ್ಲಾಂಕಾ ಅವರನ್ನೇ ಸೋಲಿಸಿದರು. 1933ರ ಕೊನೆಗೆ ಧಣಿ ಊರಿಗೆ ಹೊರಟಾಗ ಸುಲ್ತಾನ್ ಖಾನ್ ಕೂಡ ಹೊರಟರು. ಜಗತ್ತಿನ ಅತ್ಯುತ್ತಮ ಆಟಗಾರರಲ್ಲಿ ಒಬ್ಬರಾಗಿದ್ದವರ ಅಂತರರಾಷ್ಟ್ರೀಯ ಆಟ ಅಲ್ಲಿಗೆ ನಿಂತಿತು. ಬೇಸಾಯ ಮಾಡಿಕೊಂಡಿದ್ದು 1966ರಲ್ಲಿ ತೀರಿಕೊಂಡರು. ಪಣ ಒಡ್ಡುವವನು ಎದ್ದು ಹೋದರೆ ಆಟವೂ ಮುಗಿದಂತೆ.

ಸ್ವಾತಂತ್ರ್ಯದ ನಂತರ ಅರಸರೂ ಧಣಿಗಳೂ ಹೋದರು. ಅವರ ಜಾಗಕ್ಕೆ ಬಂದದ್ದು ಕಚೇರಿ. 1961ರಲ್ಲಿ ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದ ಮಾನ್ಯುಯೆಲ್ ಆರನ್ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆದವರು. ಅವರ ಸಂಬಳ ಬರುತ್ತಿದ್ದದ್ದು ಬ್ಯಾಂಕಿನಿಂದ. ಅವರ ನಂತರ ಆ ಬಿರುದು ಪಡೆದ ಎರಡನೇ ಭಾರತೀಯ ವಿ. ರವಿಕುಮಾರ್, ಅದಕ್ಕೆ 1978ರವರೆಗೆ ಕಾಯಬೇಕಾಯಿತು. ಸಾಂಗ್ಲಿಯಿಂದ ಬಂದ ಭಾಗ್ಯಶ್ರೀ ಠಿಪ್ಸೆ ಐಡಿಬಿಐನಲ್ಲಿ, ಅದೇ ಊರಿನ ಸ್ವಾತಿ ಘಾಟೆ ಎಲ್‌ಐಸಿಯಲ್ಲಿ ಕೆಲಸ ಮಾಡುತ್ತ ದೇಶದ ದೊಡ್ಡ ಆಟಗಾರ್ತಿಯರಾದರು. ಬ್ಯಾಂಕು, ವಿಮೆ, ರೈಲ್ವೆ, ಏರ್ ಇಂಡಿಯಾ, ತೈಲ ಕಂಪನಿಗಳು: ಕ್ರೀಡಾ ಕೋಟಾದ ಕೆಲಸ ಕೊಟ್ಟ ಸಂಸ್ಥೆಗಳಿವು. ಟೂರ್ನಿಗೆ ರಜೆ, ತಿಂಗಳ ಕೊನೆಗೆ ಸಂಬಳ, ನಿವೃತ್ತಿಯ ಮೇಲೆ ಪಿಂಚಣಿ. ಮಧ್ಯಮ ವರ್ಗದ ಮನೆಯಲ್ಲಿ ಮಗನೋ ಮಗಳೋ ಚದುರಂಗ ಆಡುತ್ತೇನೆಂದರೆ, ಅಪ್ಪ ಅಮ್ಮ ಒಪ್ಪಲು ಈ ಮೂರೇ ಕಾರಣಗಳಿದ್ದವು.

ಕಚೇರಿಯ ಪಕ್ಕದಲ್ಲೇ ಇನ್ನೊಬ್ಬ ಆಶ್ರಯದಾತ ಮೆಲ್ಲಗೆ ಬೆಳೆಯುತ್ತಿದ್ದ. ಅದು ಕುಟುಂಬ. 1974ರಲ್ಲಿ ಮೊದಲ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಶಿಪ್ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಗೆದ್ದವರು ಮುಂಬೈನ ವಾಸಂತಿ ಖಾಡಿಲ್ಕರ್. ಮುಂದಿನ ವರ್ಷಗಳಲ್ಲಿ ಅವರ ತಂಗಿಯರಾದ ಜಯಶ್ರೀ ಮತ್ತು ರೋಹಿಣಿ ಕೂಡ ಚಾಂಪಿಯನ್ನರಾದರು. ತಂದೆ ನೀಲಕಂಠ ಖಾಡಿಲ್ಕರ್ ‘ನವಾಕಾಳ’ ಮರಾಠಿ ಪತ್ರಿಕೆಯ ಸಂಪಾದಕರು. ಒಂದೇ ಮನೆಯ ಮೂವರು ಹೆಣ್ಣುಮಕ್ಕಳು ರಾಷ್ಟ್ರೀಯ ಕಿರೀಟ ತೊಟ್ಟದ್ದರ ಹಿಂದೆ ಪ್ರತಿಭೆಯ ಜೊತೆಗೆ ಆ ಮನೆಯ ಬೆಂಬಲವೂ ಇತ್ತು.

1987ರ ಡಿಸೆಂಬರಿನಲ್ಲಿ ಕೊಯಮತ್ತೂರಿನ ಟೂರ್ನಿಯಲ್ಲಿ ವಿಶ್ವನಾಥನ್ ಆನಂದ್ ಗ್ರ್ಯಾಂಡ್‌ಮಾಸ್ಟರ್ ಪಟ್ಟಕ್ಕೆ ಬೇಕಾದದ್ದನ್ನು ಪೂರೈಸಿದರು. 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎನಿಸಿದರು. ಆನಂದ್ ನಂತರದ ಪೀಳಿಗೆಗೆ ಕಚೇರಿಯ ಕುರ್ಚಿಯಾಚೆಗೂ ಒಂದು ದಾರಿ ಕಂಡಿತು. ಎರಡನೇ ಗ್ರ್ಯಾಂಡ್‌ಮಾಸ್ಟರ್ ಬಂದದ್ದು 1991ರಲ್ಲಿ, ಮೂರನೆಯವರು 1997ರಲ್ಲಿ. ಇಂದು ದೇಶದ ಗ್ರ್ಯಾಂಡ್‌ಮಾಸ್ಟರ್‌ಗಳ ಸಂಖ್ಯೆ 80 ದಾಟಿದೆ.

ಆ ಪಟ್ಟದ ದಾರಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಖರ್ಚಿನ ಗುಟ್ಟು ಅಲ್ಲಿದೆ. ಆಟಗಾರನ ರೇಟಿಂಗ್ 2500 ಮುಟ್ಟಬೇಕು. ಜೊತೆಗೆ ಮೂರು ನಾರ್ಮ್ ಬೇಕು. ನಾರ್ಮ್ ಎಂದರೆ ಒಂದು ಟೂರ್ನಿಯಲ್ಲಿ 2600ರ ಮಟ್ಟದ ಪ್ರದರ್ಶನ. ಎದುರಾಳಿಗಳಲ್ಲಿ ಕನಿಷ್ಠ ಮೂರನೇ ಒಂದರಷ್ಟು ಗ್ರ್ಯಾಂಡ್‌ಮಾಸ್ಟರ್‌ಗಳಿರಬೇಕು, ಬೇರೆ ದೇಶದವರೂ ಇರಬೇಕು. ನಾಸಿಕ್‌ನಲ್ಲೋ ಸಂಭಾಜಿನಗರದಲ್ಲೋ ರಾಯಚೂರಿನಲ್ಲೋ ಕೂತರೆ ಇಂಥ ಎದುರಾಳಿಗಳು ಸಿಗುವುದಿಲ್ಲ. ಹಾಗಾಗಿ ಯುರೋಪಿಗೆ ಹೋಗಬೇಕು, ವಾರಗಟ್ಟಲೆ ಅಲ್ಲೇ ಇರಬೇಕು, ಅರ್ಧ ಅಂಕದಲ್ಲಿ ನಾರ್ಮ್ ತಪ್ಪಿದರೆ ಮತ್ತೆ ಹೋಗಬೇಕು. ಗ್ರ್ಯಾಂಡ್‌ಮಾಸ್ಟರ್‌ಗಳಿಗೆ ಪ್ರವೇಶ ಶುಲ್ಕ ಬಿಟ್ಟು, ಊಟ ವಸತಿ ಕೊಟ್ಟು ಕರೆಯುವ ಸಂಘಟಕರಿದ್ದಾರೆ. ಆ ಪಟ್ಟಕ್ಕಾಗಿ ಒದ್ದಾಡುತ್ತಿರುವ ಹದಿನೈದರ ಹುಡುಗನ ಪ್ರವೇಶ ಶುಲ್ಕವೂ ವಿಮಾನದ ಟಿಕೆಟ್ಟೂ ಕೋಚ್ ಸಂಬಳವೂ ಮನೆಯವರ ಮೇಲೆ. ಆಟದಿಂದ ಹಣ ಬಾರದ ವರ್ಷಗಳಲ್ಲೇ ಅತಿ ಹೆಚ್ಚು ಖರ್ಚು.

ವಿದಿತ್ ಅವರ ತಂದೆತಾಯಿ ಇಬ್ಬರೂ ವೈದ್ಯರು. ನಾಗಪುರದ ದಿವ್ಯಾ ದೇಶಮುಖ್ ಅವರ ಮನೆಯಲ್ಲೂ ಅಷ್ಟೇ. ಇದರಿಂದ ಅವರ ಸಾಧನೆ ಕಿರಿದಾಗುವುದಿಲ್ಲ. ವೈದ್ಯರ ಮಕ್ಕಳೆಲ್ಲ ಗ್ರ್ಯಾಂಡ್‌ಮಾಸ್ಟರ್ ಆಗುವುದಿಲ್ಲವಲ್ಲ. ಆದರೆ ಎರಡು ಸಂಪಾದನೆಯಿರುವ ಮನೆಯೊಂದು ಹತ್ತು ಹನ್ನೆರಡು ವರ್ಷ ಲೆಕ್ಕ ಕೇಳದೆ ನಿಲ್ಲಬಲ್ಲದು ಎಂಬುದೂ ನಿಜ. ವಿದಿತ್ ಗ್ರ್ಯಾಂಡ್‌ಮಾಸ್ಟರ್ ಆದದ್ದು 18ನೇ ವಯಸ್ಸಿನಲ್ಲಿ.

ಇದರ ಪಕ್ಕದಲ್ಲಿ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಅವರನ್ನು ಇಟ್ಟು ನೋಡೋಣ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಅವರು, ದೇಶದ ಐವತ್ತನೆಯವರು. 2017ರಲ್ಲಿ ಪಟ್ಟ ಬಂದಾಗ ಅವರ ವಯಸ್ಸು ಮೂವತ್ತು ದಾಟಿತ್ತು. ಅವರದು ರೈಲ್ವೆ ನೌಕರಿ. ಒಬ್ಬರ ಹಿಂದೆ ಮನೆ, ಇನ್ನೊಬ್ಬರ ಹಿಂದೆ ಇಲಾಖೆ. ಎರಡು ದಾರಿಗಳೂ ಒಂದೇ ಪಟ್ಟಕ್ಕೆ ಕರೆದೊಯ್ದವು. ಆದರೆ ಚದುರಂಗದ ಜಗತ್ತು ಈಗ ಮೂವತ್ತರವರೆಗೆ ಯಾರಿಗೂ ಕಾಯುವುದಿಲ್ಲ. ಗುಕೇಶ್ ವಿಶ್ವ ಚಾಂಪಿಯನ್ ಆದಾಗ ಅವರಿಗೆ 18 ವರ್ಷ. ಕೆಲಸ ಸಿಕ್ಕ ಮೇಲೆ ಆಟ ಬೆಳೆಸಿಕೊಳ್ಳುವ ಹಳೆಯ ಕ್ರಮಕ್ಕೆ ಉಳಿದಿರುವ ಸಮಯ ಕಡಿಮೆ.

ತುದಿಗೆ ತಲುಪಿದವರ ಸಂಪಾದನೆಯ ಲೆಕ್ಕವೂ ನಾವು ಅಂದುಕೊಂಡಷ್ಟು ಸರಳವಲ್ಲ. 2024ರ ಏಪ್ರಿಲಿನಲ್ಲಿ ಟೊರಾಂಟೊದಲ್ಲಿ ಕ್ಯಾಂಡಿಡೇಟ್ಸ್ ನಡೆಯಿತು. ಎಂಟೇ ಆಟಗಾರರು, ಒಟ್ಟು ಬಹುಮಾನ 5 ಲಕ್ಷ ಯೂರೋ. ಮೊದಲ ಮೂರು ಸ್ಥಾನಗಳಿಗೆ 48,000, 36,000 ಮತ್ತು 24,000 ಯೂರೋ. ಉಳಿದದ್ದೆಲ್ಲ ಪ್ರತಿ ಅರ್ಧ ಅಂಕಕ್ಕೆ 3,500 ಯೂರೋನಂತೆ ಹಂಚಿಕೆ. ವಿದಿತ್ ಅಲ್ಲಿ ಅಮೆರಿಕದ ಹಿಕಾರು ನಕಾಮುರಾ ಅವರನ್ನು ಎರಡು ಸಲ ಸೋಲಿಸಿದರು. ಮೊದಲ ಗೆಲುವು ನಕಾಮುರಾರ 47 ಆಟಗಳ ಅಜೇಯ ಓಟವನ್ನು ಮುರಿಯಿತು. ಆದರೂ 14 ಸುತ್ತುಗಳಲ್ಲಿ 6 ಅಂಕ ಗಳಿಸಿ ಆರನೇ ಸ್ಥಾನಕ್ಕೆ ನಿಂತರು. ಲೆಕ್ಕದಂತೆ 12 ಅರ್ಧ ಅಂಕ, 42,000 ಯೂರೋ. ರೂಪಾಯಿಯಲ್ಲಿ 37 ಲಕ್ಷದ ಆಸುಪಾಸು. ಇದರಲ್ಲೇ ತೆರಿಗೆ ಕಟ್ಟಬೇಕು, ತಿಂಗಳುಗಟ್ಟಲೆ ತಯಾರಿಗೆ ಜೊತೆಯಾದ ಸಹಾಯಕ ಆಟಗಾರರಿಗೆ ಹಣ ಕೊಡಬೇಕು. ಇಂಥ ಟೂರ್ನಿ ಒಬ್ಬರ ಬದುಕಿನಲ್ಲಿ ಪ್ರತಿವರ್ಷ ಬರುವುದೂ ಇಲ್ಲ. ಸ್ವಿಸ್ ಪದ್ಧತಿಯ ಸಾಮಾನ್ಯ ಓಪನ್ ಟೂರ್ನಿಗಳಲ್ಲಂತೂ ಹಣವೆಲ್ಲ ಪಟ್ಟಿಯ ತಲೆಯಲ್ಲೇ ಇರುತ್ತದೆ. ಇಪ್ಪತ್ತನೇ ಸ್ಥಾನದವರಿಗೆ ಬಂದ ಖರ್ಚು ಹುಟ್ಟಿದರೆ ಪುಣ್ಯ.

ಹಾಗಾಗಿ ಇಂದಿನ ವೃತ್ತಿಪರ ಆಟಗಾರ ನಾಲ್ಕಾರು ಕಡೆಯಿಂದ ಸಂಪಾದನೆ ಕೂಡಿಸುತ್ತಾನೆ. ಯುರೋಪಿನ ಕ್ಲಬ್ ಲೀಗುಗಳಲ್ಲಿ ಆಡುತ್ತಾನೆ. 2023ರಲ್ಲಿ ದುಬೈನಲ್ಲಿ ಶುರುವಾದ ಗ್ಲೋಬಲ್ ಚೆಸ್ ಲೀಗ್ ಹೊಸ ತಂಡಗಳನ್ನೂ ತಂದಿತು. ವಿದಿತ್ ಮುಂಬಾ ಮಾಸ್ಟರ್ಸ್ ತಂಡದಲ್ಲಿದ್ದರು. 2020ರ ಲಾಕ್‌ಡೌನಿನಲ್ಲಿ ಹಾಸ್ಯಗಾರ ಸಮಯ್ ರೈನಾ ಯೂಟ್ಯೂಬಿನಲ್ಲಿ ಚದುರಂಗ ಆಡಲು ಕೂತಾಗ ವಿದಿತ್ ಜೊತೆಯಾದರು. ಕಾಯಿ ನಡೆಸಲೂ ಬಾರದ ಲಕ್ಷಾಂತರ ಮಂದಿ ಆಟ ನೋಡಲು ಕಲಿತರು. ಆಶ್ರಯದಾತ ಒಬ್ಬನೇ ಇದ್ದ ಕಾಲ ಹೋಗಿ, ಮೊಬೈಲ್ ಹಿಡಿದ ಪ್ರತಿಯೊಬ್ಬರೂ ಚೂರುಪಾರು ಆಶ್ರಯ ಕೊಡುವ ಕಾಲ ಬಂದಿತು. ಇನ್ನು ಸರ್ಕಾರ: 2024ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಭಾರತ ಎರಡೂ ವಿಭಾಗದ ಚಿನ್ನ ಗೆದ್ದಾಗ, ಮಹಾರಾಷ್ಟ್ರ ಸರ್ಕಾರ ವಿದಿತ್ ಮತ್ತು ದಿವ್ಯಾ ಇಬ್ಬರಿಗೂ ತಲಾ 1 ಕೋಟಿ ರೂಪಾಯಿ ಘೋಷಿಸಿತು. ಗ್ರ್ಯಾಂಡ್ ಸ್ವಿಸ್ ಗೆದ್ದದ್ದಕ್ಕಿಂತ ದೊಡ್ಡ ಮೊತ್ತವದು. ಮಾನಸೋಲ್ಲಾಸದ ದೊರೆ ಮೆಚ್ಚಿ ಕೊಡುತ್ತಿದ್ದ ಹಾಗೆಯೇ, ಇದೂ ಗೆದ್ದ ಮೇಲೆ ಬರುವ ಮೆಚ್ಚುಗೆಯ ಹಣ.

ಅರಸ, ಧಣಿ, ಕಚೇರಿ, ಕುಟುಂಬ, ವೀಕ್ಷಕ, ಸರ್ಕಾರ. ಸಾವಿರ ವರ್ಷಗಳಲ್ಲಿ ಪಣ ಕಟ್ಟುವವರು ಬದಲಾದರು, ಹಣವೂ ಹೆಚ್ಚಿತು. ಆದರೆ ಗೆಲ್ಲುವುದಕ್ಕೆ ಮುಂಚಿನ ವರ್ಷಗಳ ಹೊರೆ ಇಂದಿಗೂ ಹೆಚ್ಚಾಗಿ ಮನೆಯ ಮೇಲೆಯೇ ಇದೆ. ಮಹಾರಾಷ್ಟ್ರದಲ್ಲಿ ಸರ್ಕಾರಿ ನೌಕರಿಗಳಲ್ಲಿ ಕ್ರೀಡಾಪಟುಗಳಿಗೆ ಶೇ 5ರಷ್ಟು ಮೀಸಲಾತಿಯಿದೆ. ಅದೂ ಆಡಿ ಹೆಸರು ಮಾಡಿದ ಮೇಲಿನ ಮಾತು. ಹತ್ತರ ವಯಸ್ಸಿನಲ್ಲಿ ಕೋಚ್ ಬೇಕಾದವನಿಗೆ, ಹದಿಮೂರರಲ್ಲಿ ವಿದೇಶದ ಟೂರ್ನಿಗೆ ಹೋಗಬೇಕಾದವಳಿಗೆ ಅದರಿಂದ ಉಪಯೋಗವಿಲ್ಲ.

1956ರವರೆಗೆ ಔರಂಗಾಬಾದ್, ಬೀದರ್, ಕಲಬುರಗಿ, ರಾಯಚೂರು ಎಲ್ಲ ಹೈದರಾಬಾದ್ ಎಂಬ ಒಂದೇ ರಾಜ್ಯದಲ್ಲಿದ್ದವು. ಆಮೇಲೆ ಗಡಿ ಬಿತ್ತು, ಭಾಷೆ ಬೇರೆಯಾಯಿತು. ಗಡಿಯ ಎರಡೂ ಬದಿಯ ಈ ಊರುಗಳಲ್ಲಿ ಸಂಜೆ ಶಾಲೆ ಮುಗಿಸಿ ಚದುರಂಗದ ಹಾಸಿನ ಮುಂದೆ ಕೂರುವ ಮಕ್ಕಳು ಈಗ ಬಹಳ. ಅವರಲ್ಲಿ ಯಾರ ಅಪ್ಪ ಅಮ್ಮ ವೈದ್ಯರು, ಯಾರ ಅಪ್ಪ ಬಸ್ ಕಂಡಕ್ಟರ್ ಎಂಬುದು ಕಾಯಿಗಳಿಗೆ ಗೊತ್ತಿಲ್ಲ. ವಿದೇಶದ ಮೊದಲ ಟೂರ್ನಿಯ ಖರ್ಚಿನ ಅಂದಾಜು ಬರೆಯಲು ಮನೆಯವರು ಕೂತ ದಿನ ಅದು ಗೊತ್ತಾಗುತ್ತದೆ. ಕಂಡಕ್ಟರ್ ಮಗಳ ಆ ಟಿಕೆಟ್ಟಿಗೆ ಯಾರು ದುಡ್ಡು ಹಾಕುತ್ತಾರೆ ಎಂಬುದನ್ನು, ಪದಕ ಬಂದ ದಿನ ಕೋಟಿ ಘೋಷಿಸುವ ಸರ್ಕಾರಗಳು ಮೊದಲೇ ಯೋಚಿಸಿಡಬೇಕು.