ಪಾಂಚಾಲಿಕೆಯ ವಸ್ತ್ರ: ಬೊಂಬೆಯ ಉಡುಗೆಯ ಪೂರ್ವಚರಿತ್ರೆ

ಬೊಂಬೆಗೆ ಬಟ್ಟೆ ಹೊಲಿಯುವುದು ಎಳೆಯ ಹೆಣ್ಣುಮಕ್ಕಳ ವಿನೋದವೆಂದೂ, ಅದರಲ್ಲಿ ವಿದ್ವಾಂಸರು ವಿಚಾರಿಸತಕ್ಕುದು ಏನೂ ಇಲ್ಲವೆಂದೂ ಸಾಮಾನ್ಯವಾದ ಭಾವನೆಯಿರುವುದು. ಭರತಖಂಡದ ಉಡುಗೆತೊಡುಗೆಗಳ ಚರಿತ್ರೆಗೆ ಶಿಲ್ಪ, ಚಿತ್ರ, ನಾಣ್ಯ, ಶಾಸನ, ಕಾವ್ಯಗಳನ್ನು ಸಾಕ್ಷಿಗೆ ಕರೆಯುವುದು ರೂಢಿ. ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ಮಾತ್ರ ಪೆಟ್ಟಿಗೆಯಿಂದ ಹೊರಬರುವ ಪಟ್ಟದ ಬೊಂಬೆಯನ್ನು ಕರೆಯುವುದು ಅಪೂರ್ವ. ಆದರೆ ಬೊಂಬೆಯ ವಸ್ತ್ರಕ್ಕೆ ಮಹಾಭಾರತದಷ್ಟು ಹಳೆಯ ಸಾಕ್ಷ್ಯವುಂಟು. ಆ ಸಾಕ್ಷ್ಯವು ಕಥೆಯ ಮರ್ಮವನ್ನೇ ಮುಟ್ಟುವುದೆಂಬುದನ್ನೂ, ಅಲ್ಲಿ ಹೇಳಿದ ವಸ್ತ್ರಲಕ್ಷಣವು ಬೊಂಬೆಗೆ ಹೊಲಿಯುವವರ ಕೈಯಲ್ಲಿ ಇಂದಿಗೂ ಉಳಿದಿರುವುದೆಂಬುದನ್ನೂ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ವಿರಾಟಪರ್ವದ ಪ್ರಸಂಗ

ಕೌರವರು ಮತ್ಸ್ಯದೇಶದ ಗೋವುಗಳನ್ನು ಹಿಡಿದಾಗ ವಿರಾಟನು ತ್ರಿಗರ್ತರ ಮೇಲೆ ಯುದ್ಧಕ್ಕೆ ಹೋಗಿದ್ದನು. ಅಂತಃಪುರದಲ್ಲಿ ಬಡಾಯಿ ಕೊಚ್ಚುತ್ತಿದ್ದ ರಾಜಕುಮಾರ ಉತ್ತರನಿಗೆ ಸಾರಥಿಯಿಲ್ಲದಿರಲು, ಸೈರಂಧ್ರಿಯ ವೇಷದಲ್ಲಿದ್ದ ದ್ರೌಪದಿಯು ಬೃಹನ್ನಳೆಯ ಹೆಸರನ್ನು ಸೂಚಿಸಿದಳು. ರಥವು ಹೊರಡುವ ಸಮಯದಲ್ಲಿ ಉತ್ತರೆಯೂ ಆಕೆಯ ಸಖಿಯರೂ ಬೃಹನ್ನಳೆಯನ್ನು ಬೇಡಿಕೊಂಡದ್ದು ರಾಜ್ಯವನ್ನಲ್ಲ, ರತ್ನವನ್ನೂ ಅಲ್ಲ. ಭೀಷ್ಮದ್ರೋಣಾದಿಗಳನ್ನು ಗೆದ್ದು ತಮ್ಮ ಬೊಂಬೆಗಳಿಗಾಗಿ ಬಟ್ಟೆಗಳನ್ನು ತರಬೇಕೆಂದು ಬೇಡಿಕೊಂಡರು. ಅರ್ಜುನನು ನಗುತ್ತ ಒಪ್ಪಿದನು.

ಸಂಗ್ರಾಮದ ಕೊನೆಯಲ್ಲಿ ಸಮ್ಮೋಹನಾಸ್ತ್ರದಿಂದ ಕುರುವೀರರು ಎಚ್ಚರತಪ್ಪಿ ನಿಂತಾಗ ಅರ್ಜುನನಿಗೆ ಉತ್ತರೆಯ ಮಾತು ನೆನಪಾಗುವುದು. ದ್ರೋಣ ಕೃಪರ ಬಿಳಿಯ ವಸ್ತ್ರಗಳನ್ನೂ, ಕರ್ಣನ ಹಳದಿಯ ವಸ್ತ್ರವನ್ನೂ, ಅಶ್ವತ್ಥಾಮ ದುರ್ಯೋಧನರ ನೀಲವಸ್ತ್ರಗಳನ್ನೂ ತೆಗೆದುಕೊಂಡು ಬರುವಂತೆ ಅವನು ಉತ್ತರನಿಗೆ ಹೇಳುವನು. ಭೀಷ್ಮನಿಗೆ ಆ ಅಸ್ತ್ರದ ಪ್ರತೀಕಾರವು ತಿಳಿದಿರುವುದರಿಂದ ಅವನ ಬಳಿಗೆ ಹೋಗಕೂಡದೆಂದು ಎಚ್ಚರಿಸುವನು. ಉತ್ತರನು ರಥದಿಂದ ಧುಮುಕಿ ಬಟ್ಟೆಗಳನ್ನು ತರುವನು. ಮುಂದೆ ಪುರಪ್ರವೇಶವಾದ ಮೇಲೆ ಉತ್ತರೆಯು ಅವನ್ನು ಸ್ವೀಕರಿಸಿ ಸಂತೋಷಪಟ್ಟಳೆಂಬ ಮಾತಿನಿಂದ ಪ್ರಸಂಗವು ಮುಗಿಯುವುದು. ಪುಣೆಯ ಭಂಡಾರಕರ ಸಂಸ್ಥೆಯ ಪರವಾಗಿ ರಘುವೀರರು ಸಂಪಾದಿಸಿ ೧೯೩೬ರಲ್ಲಿ ಪ್ರಕಟವಾದ ವಿರಾಟಪರ್ವದ ಪರಿಷ್ಕೃತ ಪಾಠದಲ್ಲಿಯೂ ಈ ಭಾಗವು ಮೂಲದಲ್ಲಿಯೇ ಉಳಿದಿರುವುದು. ಆದಕಾರಣ ಇದನ್ನು ಈಚಿನವರು ಸೇರಿಸಿದ ಹಾಸ್ಯವೆಂದು ತಳ್ಳಿಹಾಕುವಂತಿಲ್ಲ.

೨. ಪಾಂಚಾಲಿಕಾ ಶಬ್ದ

ಮೂಲದಲ್ಲಿ ಬೊಂಬೆಗೆ ಪ್ರಯೋಗವಾಗಿರುವ ಪದವು ಪಾಂಚಾಲಿಕಾ ಎಂಬುದು. ಅಮರಸಿಂಹನು ತನ್ನ ಕೋಶದ ಶೂದ್ರವರ್ಗದಲ್ಲಿ ಈ ಪದವನ್ನು ಪುತ್ರಿಕಾ ಎಂಬುದರೊಡನೆ ಪರ್ಯಾಯವಾಗಿ ಹೇಳಿ, ಬಟ್ಟೆ, ದಂತ ಮೊದಲಾದವುಗಳಿಂದ ಮಾಡಿದ್ದೆಂದು ವಿವರಿಸಿರುವನು. ಪಂಚಾಲ ದೇಶಕ್ಕೂ ಈ ಹೆಸರಿಗೂ ಸಂಬಂಧವಿರುವುದು ರೂಪದಿಂದಲೇ ಸ್ಪಷ್ಟ. ಪಂಚಾಲರಾಜಪುತ್ರಿಯಾದ ದ್ರೌಪದಿಯ ಹೆಸರೂ ಪಾಂಚಾಲಿಯೇ ಅಲ್ಲವೆ? ಪಾಂಚಾಲಿಕಾ ಎಂದರೆ 'ಪುಟ್ಟ ಪಾಂಚಾಲಿ' ಎಂಬ ಧ್ವನಿಯು ಸಂಸ್ಕೃತ ಬಲ್ಲ ಕಿವಿಗೆ ಕೇಳದೆ ಇರಲಾರದು.

ಈ ಧ್ವನಿಯನ್ನು ಹಿಡಿದು ಸಭಾಪರ್ವಕ್ಕೆ ಹೋದರೆ ಪ್ರಸಂಗವು ಬೇರೊಂದು ಬೆಳಕಿನಲ್ಲಿ ಕಾಣುವುದು. ದ್ಯೂತಸಭೆಯಲ್ಲಿ ಪಾಂಡವರ ವಸ್ತ್ರಗಳನ್ನೂ ದ್ರೌಪದಿಯ ವಸ್ತ್ರವನ್ನೂ ಸೆಳೆಯುವಂತೆ ದುಃಶಾಸನನಿಗೆ ಹೇಳಿದವನು ಕರ್ಣ. ಆ ಮಾತನ್ನು ಕೇಳಿ ಪಾಂಡವರು ತಮ್ಮ ಉತ್ತರೀಯಗಳನ್ನು ತಾವೇ ತೆಗೆದಿಟ್ಟು ಕುಳಿತರು. ದುರ್ಯೋಧನನು ಮೆಚ್ಚಿ ನೋಡಿದನು. ದ್ರೋಣ ಕೃಪರು ಸುಮ್ಮನಿದ್ದರು. ಆ ಪಾಂಡವರಲ್ಲೊಬ್ಬನು ಹದಿಮೂರನೆಯ ವರ್ಷದಲ್ಲಿ ಇವರ ಬಟ್ಟೆಗಳನ್ನು ತೆಗೆಸುವನು. ಅವು ಹೋಗಿ ಸೇರುವುದು ಪಾಂಚಾಲಿಕೆಗಳ ಮೈಗೆ. ಅದೂ, ಪಾಂಚಾಲಿಯು ಅರಸಿಯ ಅಲಂಕಾರದ ಊಳಿಗದಲ್ಲಿರುವ ಮನೆಯಲ್ಲಿ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ದುಃಶಾಸನನ ವಸ್ತ್ರವು ಅರ್ಜುನನ ಎಣಿಕೆಯಲ್ಲಿ ಬಂದಿಲ್ಲ. ಕೈಯಿಟ್ಟು ಸೆಳೆದವನು ಅವನೇ. ಸಭೆಯಲ್ಲಿ ಅಶ್ವತ್ಥಾಮನದೆಂದು ಹೇಳತಕ್ಕ ಅಪರಾಧವೂ ಇಲ್ಲ. ಉತ್ತರೆಗಂತೂ ಹಿಂದಿನ ಕಥೆಯೇ ತಿಳಿಯದು. ಆದುದರಿಂದ ಇದನ್ನು ಲೆಕ್ಕಕ್ಕೆ ಲೆಕ್ಕ ತೀರಿಸಿದ ಸೇಡೆಂದು ಹೇಳುವುದು ಅತಿವ್ಯಾಪ್ತಿಯಾಗುವುದು. ಆದರೆ ಕೇಳಿದ ಹುಡುಗಿಗೆ ತಿಳಿಯದ ಅರ್ಥವು ತರಿಸಿಕೊಟ್ಟ ಅರ್ಜುನನಿಗೆ ತಿಳಿದಿತ್ತೆನ್ನಲು ಅಡ್ಡಿಯಿಲ್ಲ. ಆಟದ ಕೋರಿಕೆಯ ಒಳಗೆ ಸಭೆಯ ನೆನಪನ್ನು ಕವಿಯು ಅಡಗಿಸಿಟ್ಟಿರುವನೆಂಬಷ್ಟು ಮಾತು ಮಾತ್ರ ನಿಲ್ಲುವುದು, ಅಷ್ಟೇ ಸಾಕು.

೩. ಸೂಕ್ಷ್ಮವಸ್ತ್ರದ ಕಾರಣ

ಹುಡುಗಿಯರು ಬಯಸಿದ ಬಟ್ಟೆಗೆ ಮೂಲವು ಕೊಡುವ ವಿಶೇಷಣಗಳನ್ನೂ ಗಮನಿಸಬೇಕು. ಬಟ್ಟೆಯು ಬಣ್ಣದ್ದಾಗಿರಬೇಕು, ಸೂಕ್ಷ್ಮವಾಗಿರಬೇಕು, ಎಂದರೆ ತೆಳುವಾಗಿ ನವುರಾಗಿರಬೇಕು. ಬಣ್ಣವು ಅಂದಕ್ಕಾಯಿತು. ಸೂಕ್ಷ್ಮತೆಯು ಬರಿಯ ವರ್ಣನೆಯೆ? ಹಾಗಲ್ಲವೆಂದು ಹೊಲಿಗೆಯನ್ನು ಬಲ್ಲವರು ಹೇಳುವರು. ಮೈಯನ್ನು ಎಷ್ಟು ಕಿರಿದಾಗಿಸಿದರೂ ನೂಲಿನ ದಪ್ಪವು ಕಿರಿದಾಗುವುದಿಲ್ಲ. ೬೩ ಅಂಗುಲ ಎತ್ತರದ ಹೆಂಗಸಿಗೆ ೬ ಗಜ ಉದ್ದ, ೪೫ ಅಂಗುಲ ಅಗಲದ ಸೀರೆ ಎಂದಿಟ್ಟುಕೊಂಡರೆ, ಒಂದು ಗೇಣು, ಅಂದರೆ ೯ ಅಂಗುಲ ಎತ್ತರದ ಬೊಂಬೆಗೆ ಏಳರಲ್ಲೊಂದು ಪಾಲು, ಸುಮಾರು ೩೧ ಅಂಗುಲ ಉದ್ದ, ಆರೂವರೆ ಅಂಗುಲ ಅಗಲದ ತುಂಡು ಸಾಕು. ಮೂರೂವರೆ ಅಂಗುಲದ ಅಂಚಿಗೆ ಅರ್ಧ ಅಂಗುಲದ ಅಂಚು ಸರಿಹೋಗುವುದು. ಆದರೆ ಅದೇ ಬಟ್ಟೆಯಲ್ಲಿ ಅದೇ ಲೆಕ್ಕದ ನೆರಿಗೆ ಹಿಡಿದರೆ, ದಪ್ಪವು ಮಾತ್ರ ಮೊದಲಿನಷ್ಟೇ ಇರುವುದರಿಂದ, ಬೊಂಬೆಯ ನಡು ಊದಿಕೊಂಡು ಸೀರೆಯು ಮೂಟೆಯಂತೆ ಕಾಣುವುದು. ಆದುದರಿಂದ ಸೂಕ್ಷ್ಮವೆಂಬುದು ಬೊಂಬೆಯ ಉಡುಗೆಗೆ ಲಕ್ಷಣಪದ. ಅದನ್ನು ಆಡಿಸಿದವನು ಬೊಂಬೆಗೆ ಉಡಿಸುವುದನ್ನು ಕಂಡವನಾಗಿರಬೇಕು.

೪. ಸೂಜಿಯ ಪ್ರಾಚೀನತೆ

ಹಿಂದಿನವರು ಬಟ್ಟೆಯನ್ನು ಸುತ್ತಿ ಉಡುತ್ತಿದ್ದರೇ ಹೊರತು ಹೊಲಿಯುತ್ತಿರಲಿಲ್ಲವೆಂಬ ಮಾತು ಆಗಾಗ ಕೇಳಿಬರುವುದು. ಉಡುವ ಪದ್ಧತಿಯು ಪ್ರಧಾನವಾಗಿತ್ತೆಂಬುದು ನಿಜ. ಸೂಜಿಯು ತಿಳಿದಿರಲಿಲ್ಲವೆಂಬುದು ಸುಳ್ಳು. ಋಗ್ವೇದದ ಎರಡನೆಯ ಮಂಡಲದ ೩೨ನೆಯ ಸೂಕ್ತದಲ್ಲಿ ರಾಕಾದೇವಿಯನ್ನು ಮುರಿಯದ ಸೂಜಿಯಿಂದ ಹೊಲಿಯೆಂದು ಪ್ರಾರ್ಥಿಸಿದೆ. ಅಮರಕೋಶದಲ್ಲಿ ಬೊಂಬೆಯನ್ನು ಹೇಳಿದ ವರ್ಗದಲ್ಲಿಯೇ ತುನ್ನವಾಯ, ಸೌಚಿಕ ಎಂದು ಹೊಲಿಗೆಯವನ ಹೆಸರುಗಳಿವೆ. ವಾತ್ಸ್ಯಾಯನನ ಅರುವತ್ತನಾಲ್ಕು ಕಲೆಗಳಲ್ಲಿ ಸೂಚೀವಾನಕರ್ಮವೂ ಒಂದು. ವ್ಯಾಖ್ಯಾತೃವಾದ ಯಶೋಧರನು ಅದನ್ನು ಮೂರು ಬಗೆಯಾಗಿ ವಿಂಗಡಿಸಿ, ಕಂಚುಕಾದಿಗಳನ್ನು ಹೊಲಿಯುವುದು, ಹರಿದುದನ್ನು ಕೂಡಿಸುವುದು, ಹಾಸುಹೊದಿಕೆಗಳನ್ನು ರಚಿಸುವುದು ಎಂದಿರುವನು. ಅದೇ ವಾತ್ಸ್ಯಾಯನನು ಬಾಲೆಯರಿಗೆ ಒಪ್ಪುವ ಬೊಂಬೆಗಳನ್ನು ಎಣಿಸುವಾಗ ಮರ, ಕೊಂಬು, ದಂತ, ಮೇಣ, ಹಿಟ್ಟು, ಮಣ್ಣುಗಳ ಜೊತೆಗೆ ನೂಲಿನ ಬೊಂಬೆಯನ್ನೂ ಹೇಳಿರುವನು. ಅಮರನ ಬಟ್ಟೆಯ ಬೊಂಬೆಯೂ ಈ ನೂಲಿನ ಬೊಂಬೆಯೂ ಸೂಜಿದಾರಗಳ ನಂಟಿನವು.

ಕನ್ನಡ ನಾಡಿಗೆ ಬಂದರೆ, ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೆಂಬಾತನು ತನ್ನ ವೃತ್ತಿಯನ್ನೇ ಹೆಸರಿನಲ್ಲಿ ಹೊತ್ತಿರುವನು. ಚಿಪ್ಪಿಗ, ಸಿಂಪಿಗ ಎಂಬ ಮಾತುಗಳು ಹೊಲಿಗೆಯವನಿಗೆ ಹಳಮೆಯಿಂದ ಸಲ್ಲುವುವು. ಕುಪ್ಪಸವೆಂಬ ನಿತ್ಯದ ಮಾತು ಅಮರನ ಕೂರ್ಪಾಸಕದ ತದ್ಭವವು. ಬೊಂಬೆಯ ಕುಪ್ಪಸವನ್ನು ಹೊಲಿಯುವ ಹುಡುಗಿಯು ಆ ಪದವನ್ನೂ ಅದು ಹೆಸರಿಸುವ ಉಡುಪನ್ನೂ ಏಕಕಾಲದಲ್ಲಿ ಉಳಿಸುತ್ತಿರುವಳು.

೫. ಪಟ್ಟದ ಬೊಂಬೆ

ಮೈಸೂರು ಸೀಮೆಯಲ್ಲಿ ನವರಾತ್ರಿಯ ಬೊಂಬೆಗಳ ಸಾಲಿನಲ್ಲಿ ಮೇಲಿನ ಮೆಟ್ಟಲು ಪಟ್ಟದ ಬೊಂಬೆಗಳದು. ರಾಜರಾಣಿಯರ ಈ ಜೋಡಿಯನ್ನು ಬಹುಮಟ್ಟಿಗೆ ರಕ್ತಚಂದನದ ಮರದಲ್ಲಿ ಕಡೆಯುವರು. ತಿರುಪತಿಯ ಕಡೆಯ ಕೆಲಸವು ಪ್ರಸಿದ್ಧವಾದುದು. ಮದುವೆಯಲ್ಲಿ ತಾಯಿಯು ಮಗಳಿಗೆ ಇವನ್ನು ಕೊಟ್ಟು ಕಳುಹಿಸುವ ಸಂಪ್ರದಾಯವಿರುವುದರಿಂದ, ಬೊಂಬೆಯು ಹೆಣ್ಣಿನ ಕೈಯಿಂದ ಹೆಣ್ಣಿನ ಕೈಗೆ ಮನೆಯಿಂದ ಮನೆಗೆ ಹೋಗುವುದು.

ಇವಕ್ಕೆ ಉಡಿಸುವುದು ಮನುಷ್ಯರಿಗೆ ಉಡಿಸಿದಂತಲ್ಲ. ಕೈಗಳು ಮೈಗೆ ಅಂಟಿಕೊಂಡಿರುವುವು, ಕಾಲುಗಳು ಬಿಡಿಯಾಗಿಲ್ಲ. ತೋಳು ತೂರದ ಕಾರಣ ಕುಪ್ಪಸವನ್ನು ಮೈಮೇಲೆಯೇ ಇಟ್ಟು ಹಿಂದೆ ಹೊಲಿಗೆ ಹಾಕಬೇಕು. ಸೀರೆಯ ನೆರಿಗೆಗಳನ್ನು ಮೊದಲೇ ಮಡಿಸಿ, ಓಡುಹೊಲಿಗೆಯಿಂದ ಹಿಡಿದು, ನಡುವಿಗೆ ದಾರದಿಂದ ಬಿಗಿಯಬೇಕು. ರಾಜನಿಗೆ ಪಂಚೆ, ಅಂಗವಸ್ತ್ರ, ಜರಿಯ ಪೇಟ. ಇಲ್ಲಿಯೂ ಸೂಕ್ಷ್ಮದ ನಿಯಮವೇ ನಡೆಯುವುದು: ಹೊಸ ಗಟ್ಟಿ ರೇಷ್ಮೆಗಿಂತ, ಉಟ್ಟು ಒಗೆದು ನವೆದ ಹಳೆಯ ಸೀರೆಯು ಮೆತ್ತಗೆ ಬಾಗುವುದರಿಂದ ಹೊಲಿಯುವವರು ಅದನ್ನೇ ಆರಿಸುವರು. ವಿರಾಟನ ಮನೆಯಲ್ಲಿ ಹೇಗೋ ಹಾಗೆಯೇ ಇಲ್ಲಿಯೂ, ದೊಡ್ಡವರು ಉಟ್ಟ ಬಟ್ಟೆಯೇ ಬೊಂಬೆಗೆ ಸಲ್ಲುವುದು.

ಇದರಿಂದ ಚರಿತ್ರಕಾರನಿಗೆ ಆಗುವ ಲಾಭವು ಅಲ್ಪವಲ್ಲ. ಉಟ್ಟು ಹರಿದ ಸೀರೆಯು ನಾಶವಾಗುವುದು. ಅದರ ಗೇಣುದ್ದದ ತುಂಡು ಬೊಂಬೆಯ ಮೈಮೇಲೆ, ವರ್ಷದ ಬಹುಭಾಗ ಬಿಸಿಲುಧೂಳು ಕಾಣದೆ ಪೆಟ್ಟಿಗೆಯಲ್ಲಿ ಉಳಿಯುವುದು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವ ಕ್ರಮವುಂಟು. ಅಂತಹ ಸೆರಗಿನ ತುಂಡಿನಲ್ಲಿ ಆ ಕೊಂಡಿಯೂ, ಬಣ್ಣವೂ, ಜರಿಯ ಬಗೆಯೂ ಪರೀಕ್ಷೆಗೆ ದೊರೆಯುವುವು. ನಿತ್ಯದ ಉಡುಪಿನಿಂದ ಮರೆಯಾದ ಪೇಟವು ಬೊಂಬೆಯ ತಲೆಯಿಂದ ಇನ್ನೂ ಇಳಿದಿಲ್ಲ.

೬. ಅನುಕೃತಿ ಮತ್ತು ಅವಶೇಷ

ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೆಯವರು ೧೯೬೫ರಲ್ಲಿ ತೆರೆದ ಅಂತರರಾಷ್ಟ್ರೀಯ ಬೊಂಬೆಗಳ ಸಂಗ್ರಹಾಲಯವು ಪ್ರಾಂತಪ್ರಾಂತದ ವೇಷದ ಬೊಂಬೆಗಳನ್ನು ತನ್ನ ಕಾರ್ಯಾಗಾರದಲ್ಲಿ ಹೊಲಿಸಿ ಸಿದ್ಧಪಡಿಸಿದುದು ಶ್ಲಾಘ್ಯವಾದ ಕೆಲಸ. ಮೈಸೂರು ಅರಮನೆಯ ಬೊಂಬೆತೊಟ್ಟಿಯಲ್ಲಿಯೂ ಹಳೆಯ ಬೊಂಬೆಗಳ ಸಂಗ್ರಹವಿದೆ. ಆದರೆ ಹಳೆಯ ವೇಷವನ್ನು ಹೊಸ ಬಟ್ಟೆಯಲ್ಲಿ ಹೊಲಿದುದು ಅನುಕೃತಿ. ಹಳೆಯ ಬಟ್ಟೆಯಲ್ಲಿಯೇ ಹೊಲಿದುದು ಅವಶೇಷ. ಮೊದಲನೆಯದು ಉಡುವ ರೀತಿಯನ್ನು ಮಾತ್ರ ಹೇಳಬಲ್ಲುದು. ಎರಡನೆಯದು ನೇಯ್ಗೆ, ಬಣ್ಣ, ಹೊಲಿಗೆಗಳನ್ನೂ ಹೇಳಬಲ್ಲುದು. ಮನೆಗಳಲ್ಲಿರುವುದು ಈ ಎರಡನೆಯದು, ಬೇಗ ಕಳೆದುಹೋಗುವುದೂ ಅದೇ. ಪ್ರತಿವರ್ಷವೂ ನವರಾತ್ರಿಗೆ ಮುಂಚೆ ಹಳೆಯ ಉಡುಗೆಯನ್ನು ಬಿಚ್ಚಿ ಎಸೆದು, ಅಂಗಡಿಯಲ್ಲಿ ದೊರೆಯುವ ಸಿದ್ಧ ಉಡುಪನ್ನು ತೊಡಿಸುವ ಅಭ್ಯಾಸವು ಈಗ ಬೆಳೆದಿದೆ. ಬೊಂಬೆಯು ಹೊಳೆಯುವುದು, ಸಾಕ್ಷ್ಯವು ಕಸಕ್ಕೆ ಹೋಗುವುದು.

ಆದುದರಿಂದ ಶಾಸನಗಳನ್ನೂ ಓಲೆಗಳನ್ನೂ ಹುಡುಕಿಕೊಂಡು ಊರೂರಿಗೆ ಹೋಗುವ ವಿದ್ವಾಂಸರು, ಬಿಚ್ಚಿದ ಈ ಉಡುಗೆಗಳನ್ನೂ ಕೇಳಿ ಪಡೆಯುವುದು ಯುಕ್ತ. ಯಾರ ಸೀರೆಯಿಂದ, ಯಾವ ಊರಿನಲ್ಲಿ, ಯಾವ ವರ್ಷ ಹೊಲಿದದ್ದೆಂಬ ನಾಲ್ಕು ಮಾತನ್ನು ಮನೆಯ ಹಿರಿಯ ಹೆಂಗಸರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದು ಅದರೊಡನೆ ಇಟ್ಟರೆ, ಆ ಗೇಣುದ್ದದ ತುಂಡಿಗೆ ಶಾಸನದ ಬೆಲೆ ಬರುವುದು. ವಿರಾಟಪರ್ವವನ್ನು ಪಾಠ ಹೇಳುವ ಅಧ್ಯಾಪಕರು ಉತ್ತರೆಯ ಕೋರಿಕೆಯನ್ನು ಹಾಸ್ಯವೆಂದು ದಾಟಿಹೋಗದೆ, ಅಲ್ಲಿ ನಿಂತು, ಮನೆಯಲ್ಲಿ ಪಟ್ಟದ ಬೊಂಬೆಯಿರುವ ವಿದ್ಯಾರ್ಥಿಗಳಿಂದಲೇ ಈ ಸಂಗ್ರಹವನ್ನು ಆರಂಭಿಸಬಹುದು.